ಗ್ರೂಪಿಗೆ ಹಾಕಿದ ವಹಿಯ ಪುಟ

ಯಶೋಗಾಥೆ ಎಂಬ ಶಬ್ದವೇ ನನಗೆ ಆಗಿಬರುವುದಿಲ್ಲ. ಹೋದ ತಿಂಗಳು ಕೊಪ್ಪಳದ ಒಂದು ಸಭಾಭವನದಲ್ಲಿ ಹಳ್ಳಿ ಗ್ರಂಥಾಲಯದವರಿಗೆಲ್ಲ ತರಬೇತಿ ಇಟ್ಟಿದ್ದರು. ಗ್ರಂಥಾಲಯಗಳು ವಾಟ್ಸಾಪು, ಫೇಸ್‌ಬುಕ್ಕು ಹಿಡಿದು ಊರಿನ ಸೇವೆ ಹೇಗೆ ಮಾಡಬೇಕು ಅಂತ ಒಬ್ಬ ಎಳೆ ವಯಸ್ಸಿನ ಅಧಿಕಾರಿ ಗೋಡೆಯ ಮೇಲೆ ಬಣ್ಣದ ಚಿತ್ರ ಬಿಟ್ಟು ಹೇಳುತ್ತಿದ್ದ. ಕೆಟ್ಟವನಲ್ಲ, ಪಾಪ. ನಡುವೆ ನನ್ನ ಕಡೆ ತಿರುಗಿದ.

"ಕಾಕಾರ, ಜಿಲ್ಲೇದಾಗ ಎಲ್ಲಾರಕಿಂತ ಮೊದಲ ಓದುಗರ ಗ್ರೂಪ್ ಮಾಡಿದವ್ರು ನೀವಂತಲ್ರಿ. ಒಂದು ಯಶೋಗಾಥೆ ಬರದು ಕೊಡ್ರಿ. ಫೋಟೋ ಇದ್ರ ಇನ್ನೂ ಛಲೋ."

"ಯಾರ ಫೋಟೋ?"

"ಓದುಗರದ್ರಿ. ಹೆಣ್ಮಕ್ಕಳದಿದ್ರ ಭಾಳ ಛಲೋ. ಮ್ಯಾಲಿನವ್ರು ಅದನ್ನ ಕೇಳ್ತಾರ."

ನಾನು ಎದ್ದು ಹೊರಗೆ ಬಂದುಬಿಟ್ಟೆ. ಹೊರಗೆ ಆಷಾಢದ ಗಾಳಿ. ಮೋಡ ಇದೆ, ಮಳೆ ಇಲ್ಲ, ಬಾಯಿ ತೆರೆದರೆ ಹಲ್ಲಿನ ಸಂದಿಗೆ ಎರೆಮಣ್ಣಿನ ಪುಡಿ. ಆ ಮಣ್ಣು ನಾಲಿಗೆಗೆ ಹತ್ತಿದ್ದೇ ತಡ, ಎರಡು ಸಾವಿರದ ಹದಿನೇಳರ ಆಷಾಢ ಎದ್ದು ಎದುರಿಗೆ ನಿಂತಿತು. ಯಶೋಗಾಥೆ ನನ್ನಿಂದ ಆಗುವುದಿಲ್ಲ. ಆಗಿದ್ದನ್ನು ಬರೆಯುತ್ತೇನೆ.

ಊರಿನ ಹೆಸರು ಬರೆಯುವುದಿಲ್ಲ. ಕುಷ್ಟಗಿಗೂ ಯಲಬುರ್ಗಾಕ್ಕೂ ನಡುವೆ ಎಲ್ಲೋ ಒಂದು ಎರೆಹೊಲದ ಊರು ಅಂದುಕೊಳ್ಳಿ. ಮನುಷ್ಯರ ಹೆಸರುಗಳೂ ನಿಜವಲ್ಲ. ಯಾಕೆ ಅನ್ನೋದು ಓದುತ್ತ ಹೋದರೆ ತಿಳಿಯುತ್ತದೆ.

ಕೊಪ್ಪಳ ಜಿಲ್ಲೆಯಾದ ತೊಂಬತ್ತೇಳರಲ್ಲೇ ಗ್ರಂಥಾಲಯದ ಕೀಲಿ ನನ್ನ ಕೈಗೆ ಬಂತು. ಪಂಚಾಯ್ತಿ ಕಟ್ಟಡದ ಬಗಲಿಗೆ ಒಂದು ಕೋಣೆ, ತಗಡಿನ ಎರಡು ಕಪಾಟು, ಒಂದು ಉದ್ದನೆಯ ಟೇಬಲ್ಲು, ಎಲ್ಲದರ ಮೇಲೂ ನುಸಿಗುಳಿಗೆಯ ವಾಸನೆ. ಒಂದೊಂದು ಪುಸ್ತಕಕ್ಕೆ ಒಂದೊಂದೇ ಪ್ರತಿ. ಒಬ್ಬರು ಒಯ್ದರೆಂದರೆ ಉಳಿದವರು ತಿಂಗಳಾನುಗಟ್ಟಲೆ ದಾರಿ ಕಾಯಬೇಕು. ಅದಕ್ಕೆ ನಾನೊಂದು ಉಪಾಯ ಮಾಡಿದೆ. ಬಾಗಿಲ ಹೊರಗೆ ಕರಿಹಲಗೆ ತೂಗುಹಾಕಿ, ಯಾವ ಪುಸ್ತಕ ಯಾರ ಮನೆಯಲ್ಲಿದೆ ಅಂತ ಸೋಮವಾರಕ್ಕೊಮ್ಮೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆ. ಬೇಕಾದವರು ಸೀದಾ ಆ ಮನೆಗೇ ಹೋಗಿ "ಓದಿ ಮುಗೀತೇನ್ರಿ?" ಅಂತ ಕೇಳಿ ಇಸಿದುಕೊಂಡು, ಆಮೇಲೆ ನನಗೆ ಬಾಯಿಮಾತಿನಲ್ಲಿ ಹೇಳಿ ಹೋಗುತ್ತಿದ್ದರು. ಒಂದು ಪುಸ್ತಕ ನನ್ನ ಕಪಾಟಿಗೆ ಬರದೆಯೇ ಐದಾರು ಮನೆ ತಿರುಗಿ, ಒಗ್ಗರಣೆ ವಾಸನೆ ಹತ್ತಿಸಿಕೊಂಡು ಬರುತ್ತಿತ್ತು. ತಪಾಸಣೆಗೆ ಬಂದವರು ಮೂಗು ಮುರಿದರು. ಮುರಿಯಲಿ, ಊರು ಓದುತ್ತಿತ್ತು.

ಆ ಹಲಗೆಗೆ ಒಂದು ಗುಟ್ಟಿತ್ತು. ಕೆಲವರು, ಹೆಚ್ಚಾಗಿ ಸೊಸೆಯಂದಿರು, "ಕಾಕಾರ, ನಮ್ಮ ಹೆಸರು ಹಲಗಿ ಮ್ಯಾಲ ಬರೀಬ್ಯಾಡ್ರಿ" ಅನ್ನುತ್ತಿದ್ದರು. ಅಂಥ ಪುಸ್ತಕದ ಮುಂದೆ "ಬೈಂಡಿಂಗಿಗೆ ಹೋಗಿದೆ" ಎಂದು ಬರೆಯುತ್ತಿದ್ದೆ. ನಮ್ಮೂರಿನಲ್ಲಿ ಬೈಂಡಿಂಗಿಗೆ ಹೋದಷ್ಟು ಪುಸ್ತಕ ಜಿಲ್ಲೆಯ ಯಾವ ಊರಿನಲ್ಲೂ ಹೋಗಿರಲಿಕ್ಕಿಲ್ಲ. ನಿಜವಾದ ಹೆಸರು ಒಳಗೆ, ಪುಸ್ತಕ ಕೊಟ್ಟ ಲೆಕ್ಕದ ವಹಿಯಲ್ಲಿ ಇರುತ್ತಿತ್ತು. ಮರೆತು ಹಲಗೆಗೆ ಏರಿಸಿಬಿಟ್ಟೇನು ಅಂತ ಷರಾ ಅನ್ನುವ ಕೊನೆಯ ಖಾನೆಯಲ್ಲಿ ನನಗೆ ನಾನೇ ಗುರುತು ಮಾಡಿಕೊಳ್ಳುತ್ತಿದ್ದೆ: "ಮನಿಯವರಿಗೆ ಗೊತ್ತಿಲ್ಲ." ಇಪ್ಪತ್ತು ವರ್ಷ ಆ ವಹಿ ನನ್ನ ಮೇಜಿನ ಖಾನೆ ಬಿಟ್ಟು ಹೊರಗೆ ಬಂದಿರಲಿಲ್ಲ.

ಹದಿನೇಳರಲ್ಲಿ ಫೋನು ಅಗ್ಗವಾಗಿ ಊರಿಗೂರೇ ಅಂಗೈ ನೋಡಿಕೊಂಡು ತಿರುಗತೊಡಗಿತು. ನಾನೂ ಒಂದು ಕೊಂಡು "ಓದುಗರ ಮನಿ" ಅಂತ ಗ್ರೂಪು ಮಾಡಿದೆ. ಮೊದಲ ಎರಡು ತಿಂಗಳು ಅದು ಮಾಡಿದ ಕೆಲಸ ಹಲಗೆ ಇಪ್ಪತ್ತು ವರ್ಷದಲ್ಲಿ ಮಾಡಿರಲಿಲ್ಲ. ಇದನ್ನು ಸುಳ್ಳು ಹೇಳಲಾರೆ. ಮುಂಜಾನೆ ಪೇಪರಿನಲ್ಲಿ ಬಂದ ನೌಕರಿ ಜಾಹೀರಾತಿನ ಫೋಟೋ ಹಾಕಿದರೆ ಮಂಗಳೂರಿಗೆ ಗಾರೆ ಕೆಲಸಕ್ಕೆ ಹೋದ ನಮ್ಮ ಹುಡುಗರು ಅಲ್ಲಿಂದಲೇ "ಕಡೀ ತಾರೀಖು ಯಾವಾಗ್ರಿ?" ಅನ್ನುತ್ತಿದ್ದರು. ಅಳವಂಡಿಗೆ ಕೊಟ್ಟ ನಮ್ಮೂರ ಹೆಣ್ಣುಮಗಳೊಬ್ಬಳು, ಮದುವೆಗಿಂತ ಮುಂಚೆ ಒಯ್ದ ಪುಸ್ತಕ ಟ್ರಂಕಿನ ತಳದಲ್ಲಿ ಸಿಕ್ಕಿತೆಂದು ಬಸ್ಸಿನ ಡ್ರೈವರನ ಕೈಯಲ್ಲಿ ಕಳಿಸಿದಳು. ಸೋಮವಾರದ ಪಟ್ಟಿಯನ್ನೂ ಗ್ರೂಪಿಗೇ ಹಾಕತೊಡಗಿದೆ. ದಪ್ಪ ಬೆರಳು, ಒಂದು ಅಕ್ಷರ ಒತ್ತಿದರೆ ಮೂರು ಬೀಳುತ್ತವೆ. ಒಂದು ಪಟ್ಟಿಗೆ ಒಂದು ತಾಸು ಹಿಡಿಯುತ್ತಿತ್ತು. ಆದರೂ ಹಾಕುತ್ತಿದ್ದೆ, "ಬೈಂಡಿಂಗಿಗೆ ಹೋಗಿದೆ" ಸಮೇತ.

ಆಗ ಬೈಂಡಿಂಗಿಗೆ ಹೋಗಿದ್ದ ಪುಸ್ತಕಗಳಲ್ಲಿ ಒಂದು, ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಯ ಕೈಪಿಡಿ. ಒಯ್ದವಳು ರೇಣುಕಾ. ಪಿಯುಸಿ ಮುಗಿಸಿ ಆ ಮನೆಗೆ ಸೊಸೆಯಾಗಿ ಬಂದವಳು. ಗಂಡ ಕಾರಟಗಿಯಲ್ಲಿ ಅಕ್ಕಿ ಗಿರಣಿಯ ಲಾರಿ ಓಡಿಸುತ್ತಿದ್ದ, ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ. ಮನೆಯಲ್ಲಿ ಅತ್ತೆ ನೀಲವ್ವ, ಭಾವ ಶರಣಪ್ಪ. ಶರಣಪ್ಪ ಪಂಚಾಯ್ತಿ ಮೆಂಬರು. ಅವನು ಕೆಮ್ಮಿದರೆ ಇಡೀ ಓಣಿ ತಿರುಗಿ ನೋಡಬೇಕು ಅನ್ನುವ ಜಾತಿಯ ಮನುಷ್ಯ. ರೇಣುಕಾ ರೇಷನ್ ಅಂಗಡಿಗೆ ಬಂದಾಗ ಪಕ್ಕದ ನನ್ನ ಕೋಣೆಗೆ ಹೊಕ್ಕು, ಪುಸ್ತಕವನ್ನು ಚೀಲದ ತಳಕ್ಕಿಟ್ಟು ಮೇಲೆ ಅಕ್ಕಿ ಸುರಿದುಕೊಂಡು ಹೋಗುತ್ತಿದ್ದಳು. ಅರ್ಜಿಯನ್ನೂ ಯಲಬುರ್ಗಾದ ಒಂದು ನೆಟ್ ಸೆಂಟರಿನಲ್ಲಿ ಹಾಕಿಸಿದ್ದಳು. "ಬರದು ನೋಡ್ತೀನ್ರಿ ಕಾಕಾರ. ಪಾಸಾದ್ರ ಹೇಳ್ತೀನಿ. ಇಲ್ಲಾಂದ್ರ ಯಾರಿಗೂ ಗೊತ್ತಾಗೂದ ಬ್ಯಾಡ" ಅಂದಿದ್ದಳು. ಅವಳು ಕೇಳಿದ್ದು ಅಷ್ಟೇ. ಸೋತರೆ ಸದ್ದಿಲ್ಲದೆ ಸೋಲುವುದಕ್ಕೆ ಒಂದು ಅವಕಾಶ.

ಆ ಸೋಮವಾರ ಮುಂಜಾನೆಯಿಂದ ಗಾಳಿ ಕಪಾಟಿನ ಬಾಗಿಲು ಬಡಿಯುತ್ತಿತ್ತು. ಪಟ್ಟಿ ಒತ್ತಲು ಕೂತೆ. ಅಷ್ಟರಲ್ಲಿ ಪಂಚಾಯ್ತಿಯವರು ಕೂಗಿದರು: ಮನೆಮನೆ ಶೌಚಾಲಯ ಎಣಿಸಬೇಕಂತೆ, ಈಗಿಂದೀಗಲೇ ನಡೀರಿ. ಗ್ರಂಥಾಲಯದವನಿಗೂ ಶೌಚಾಲಯಕ್ಕೂ ಏನು ಸಂಬಂಧ ಅಂತ ಕೇಳಿದರೆ ನಮ್ಮಲ್ಲಿ ಉತ್ತರ ಕೊಡುವವರಿಲ್ಲ. ಗಡಿಬಿಡಿಯಲ್ಲಿ ವಹಿ ತೆಗೆದೆ. ಒತ್ತೋದು ಯಾಕೆ, ಪುಟದ್ದೇ ಫೋಟೋ ಹೊಡೆದರಾಯಿತು ಅಂದುಕೊಂಡೆ. ಹೊಡೆದೆ. ಗ್ರೂಪಿಗೆ ಹಾಕಿದೆ. ನನ್ನ ಅಕ್ಷರ ದುಂಡಗಿವೆ ಅಂತ ಇಲಾಖೆಯವರೇ ಹೊಗಳಿದ್ದುಂಟು. ಫೋಟೋ ಸ್ವಚ್ಛ ಬಂದಿತ್ತು, ಷರಾ ಖಾನೆಯ ಕೊನೆಯ ಒತ್ತಕ್ಷರದವರೆಗೂ.

ಮಧ್ಯಾಹ್ನ ಎಣಿಕೆ ಮುಗಿಸಿ ಬೇವಿನ ನೆರಳಿಗೆ ಕೂತು ಫೋನು ತೆಗೆದರೆ ಕೈಯೊಳಗೆ ಜೇನುಗೂಡು.

"ಕಾಕಾ, ಮನಿಯವರಿಗೆ ಗೊತ್ತಿಲ್ಲ ಅಂದ್ರ ಯಾವ ಮನಿಯವರಿಗೆ?"

"ಮೂರು ಹೆಸರು ಅದಾವಲ್ಲೋ. ಹಿಗ್ಗಿಸಿ ನೋಡ್ರಿ."

"ಶರಣಪ್ಪಣ್ಣ, ನಿಮ್ಮನ್ಯಾಗ ಲೇಡಿ ಪೊಲೀಸ್ ತಯಾರಾಗಾಕ ಹತ್ಯಾರ. ಇನ್ನ ನಿಮ್ಮ ಇಸ್ಪೀಟ್ ಬಂದ್."

"ಮುಂಜಾನೆ ಎದ್ದು ಸಲ್ಯೂಟ್ ಹೊಡಿಯೂದು ರೂಢಿ ಮಾಡ್ಕೊ ಅಣ್ಣಾ."

ಯಾವನೋ ಒಬ್ಬ ಖಾಕಿ ಉಡುಪಿನ ಚಿತ್ರಕ್ಕೆ ರೇಣುಕಾಳ ಮುಖ ಅಂಟಿಸಿ ಹಾಕಿದ್ದ. ಅವಳ ಮದುವೆಯ ಫೋಟೋದಿಂದ ಕತ್ತರಿಸಿದ ಮುಖ, ಬಾಸಿಂಗದ ಅಂಚು ಹಾಗೇ ಉಳಿದಿತ್ತು. ಅದರ ಕೆಳಗೆ ನಗುವ ಮುಖಗಳ ಸಾಲು. ನಾನು ಎಲ್ಲಿ ಒತ್ತಿದರೂ ಆ ಪುಟ ಅಳಿಯಲಿಲ್ಲ. ನನ್ನ ಫೋನಿನಲ್ಲಿ ಹೋಗುತ್ತಿತ್ತು, ಊರಿನ ಫೋನುಗಳಲ್ಲಿ ಉಳಿಯುತ್ತಿತ್ತು. ಗ್ರೂಪಿನ ಯಜಮಾನ ನಾನೇ, ಅದರ ಬಾಯಿ ಮುಚ್ಚಿಸುವ ಕೀಲಿ ನನ್ನ ಹತ್ತಿರ ಇರಲಿಲ್ಲ. ಗ್ರೂಪು ಮಾಡಿ ಅಂತ ಸುತ್ತೋಲೆ ಕಳಿಸುವವರಿದ್ದಾರೆ, ದಿನಕ್ಕೆಷ್ಟು ಫೋಟೋ ಅಂತ ಕೇಳುವವರಿದ್ದಾರೆ. ಓದುಗರ ಹೆಸರು ಓದುಗರ ಸ್ವತ್ತು, ಅದನ್ನು ಮುಟ್ಟಬೇಡಿ ಅಂತ ಕಲಿಸಿದವರು ಒಬ್ಬರೂ ಇರಲಿಲ್ಲ. ಇದನ್ನು ನೆವಕ್ಕೆ ಹೇಳುತ್ತಿಲ್ಲ. ನನಗೆ ಯಾರೂ ಕಲಿಸದೆಯೇ ಹಲಗೆಯ ಮೇಲೆ ಅದು ಗೊತ್ತಿತ್ತಲ್ಲ, ಫೋನು ಕೈಗೆ ಬಂದಾಗ ಎಲ್ಲಿ ಹೋಗಿತ್ತು?

ಮನೆಗೆ ಹೋಗಿ ಕೈ ತೊಳೆದು ಕೂತೆ. ಹೆಂಡತಿ ಗಿರಿಜಾ ತಾಟು ಇಡಲಿಲ್ಲ.

"ರೊಟ್ಟಿ ಹಾಕ" ಅಂದೆ.

"ಮೂರು ಮನಿ ಒಲಿ ಮ್ಯಾಲ ನೀರು ಸುರುವಿ ಬಂದೀರಿ. ನಿಮಗ ಹ್ಯಾಂಗ ಹಸೀತೈತಿ?" ಅಂದಳು. ಆಮೇಲೆ ತಾಟು ಇಟ್ಟಳು. ಪಲ್ಯ ಬಡಿಸಲಿಲ್ಲ. ಒಣ ರೊಟ್ಟಿ ತಿಂದೆ.

ಮರುದಿನ ಬಾಗಿಲು ತೆರೆಯುವ ಮುಂಚೆಯೇ ಶರಣಪ್ಪ ಬಂದು ಕಟ್ಟೆಯ ಮೇಲೆ ಕೂತಿದ್ದ. ಹಿಂದೆ ನಾಲ್ಕು ಮಂದಿ. ಒಳಗೆ ಬಂದು ಕೈಪಿಡಿಯನ್ನು ಟೇಬಲ್ಲಿಗೆ ಒಗೆದ. ರಟ್ಟು ಕಿತ್ತುಹೋಗಿತ್ತು. ಈಗ ಅದಕ್ಕೆ ನಿಜವಾಗಿಯೂ ಬೈಂಡಿಂಗು ಬೇಕಾಗಿತ್ತು.

"ಕಾಕಾ, ನಮ್ಮನಿ ಹೆಣ್ಮಕ್ಕಳ ಕೂಡ ನೀ ಸೇರ್ಕೊಂಡು ಗುಟ್ಟು ಮಾಡ್ತೀಯೇನು?"

"ಪುಸ್ತಕ ಕೊಟ್ಟೀನಿ ಶರಣಪ್ಪ. ವಿಷ ಕೊಟ್ಟಿಲ್ಲ."

"ಮನಿಯವರಿಗೆ ಗೊತ್ತಿಲ್ಲ ಅಂತ ಕೈಯಾರ ಬರದೀದಿ. ಬರದು ಮಂಗಳೂರ ತನಕಾ ಕಳಿಸೀದಿ. ಕಾರಟಗಿ ಗಿರಣ್ಯಾಗ ಹಮಾಲರು ನನ್ನ ತಮ್ಮಗ ಫೋನ್ ತೋರಿಸಿ ನಕ್ಕಾರ. ಅಂವಾ ರಾತ್ರೋರಾತ್ರಿ ಬಂದು ಆಕಿ ಫೋನ್ ಕಸ್ಕೊಂಡು ಹೋಗ್ಯಾನ. ಈಗ ಹೇಳು, ಯಾರಿಗೆ ಗೊತ್ತಿಲ್ಲ?"

ಅವನಿಗೆ ತಮ್ಮನ ಹೆಂಡತಿ ಓದಿದ್ದಕ್ಕಿಂತ ಊರು ನಕ್ಕದ್ದು ಹೆಚ್ಚು ಚುಚ್ಚಿತ್ತು. ಅದು ನನಗೆ ಕಾಣುತ್ತಿತ್ತು. ಅದೇ ವಾರ ಪಂಚಾಯ್ತಿಯಲ್ಲಿ ಕೂತು ಠರಾವು ಮಾಡಿದರು: ಮನೆಯ ಗಂಡಸರ ಸಹಿ ಇಲ್ಲದೆ ಹೆಂಗಸರಿಗೆ ಪುಸ್ತಕ ಕೊಡಕೂಡದು. ಯಾವ ಕಾನೂನಿನಲ್ಲಿ ಹಾಗಿದೆ ಅಂತ ನಾನು ಕೇಳಬೇಕಾಗಿತ್ತು. ಕೇಳಲಿಲ್ಲ. ಹೆದರಿದ್ದೆ. ನನ್ನ ದುಂಡನೆಯ ಅಕ್ಷರದಲ್ಲೇ ಅದನ್ನು ಹಲಗೆಗೆ ಬರೆದೆ. ಆ ದಿನದಿಂದ ಹೆಂಗಸರು ರೇಷನ್ ಅಂಗಡಿಗೆ ಬಂದರೂ ನನ್ನ ಬಾಗಿಲ ಕಡೆ ಮುಖ ಹೊರಳಿಸಲಿಲ್ಲ. ಉಳಿದ ಇಬ್ಬರು ಹೆಣ್ಣುಮಕ್ಕಳಿಗೆ ಏನಾಯಿತು ಅನ್ನೋದು ಅವರ ಮಾತು, ನಾನು ಬರೆಯುವುದಿಲ್ಲ.

ನೀಲವ್ವ ಸಿಕ್ಕಿದ್ದು ಆಮೇಲೆ, ಗಿರಣಿಯ ಹತ್ತಿರ. ಜೋಳ ಬೀಸಿಸಲು ಬಂದಿದ್ದಳು, ಮೈತುಂಬ ಹಿಟ್ಟು. ಸುತ್ತ ಯಾರೂ ಇಲ್ಲದ್ದು ನೋಡಿ ನನ್ನನ್ನು ತಡೆದಳು. ಬೈಗುಳಕ್ಕೆ ತಲೆ ಒಡ್ಡಿ ನಿಂತೆ.

"ಅಣ್ಣಾ, ಮನಿಯವರಿಗೆ ಗೊತ್ತಿಲ್ಲ ಅಂತ ಬರದಿ. ನಾನು ಮನಿಯಾಕಿ ಅಲ್ಲೇನು?"

"ಹಂಗಂದ್ರ?" ಅಂದೆ.

"ಜ್ವಾಳದ ಹರವಿಯಾಗ ಇಡ್ತಿದ್ಲು ಆ ಬುಕ್ಕು. ದಿನಾ ಜ್ವಾಳ ತೆಗಿಯಾಕಿ ನಾನು. ಕೈಗೆ ಹತ್ತೂದಿಲ್ಲೇನು? ಹತ್ತಿದ್ರೂ ಹತ್ತಲಾರದಂಗ ಇದ್ದೆ. ಮಧ್ಯಾಹ್ನ ಆಕಿಗೆ ಕೆಲಸ ಹೇಳ್ತಿರಲಿಲ್ಲ. ತಲಿ ನೋಯ್ತೈತಿ ಅಂತ ಮಕ್ಕೋತಿದ್ದೆ, ಆಕಿ ಓದ್ಲಿ ಅಂತ. ಒಬ್ಬರಿಗೊಬ್ಬರು ಆಡಿ ತೋರಿಸಿರಲಿಲ್ಲ, ಅದಕ್ಕ ನಡದಿತ್ತು. ಈಗ ಎಲ್ಲಾರ ಬಾಯಾಗ ಬಂತು. ನಾ ಹಿರೇಮಗನ ಕಡಿ ನಿಂದರಬೇಕು, ಸೊಸೀನ ಬೈಬೇಕು. ಬೈಯ್ಯಾಕ ಹತ್ತೀನಿ ದಿನಾ. ನೀ ಹಚ್ಚಿದ್ದು ನನಗ ಈ ಕೆಲಸ."

ಹಿಟ್ಟಿನ ಚೀಲ ತಲೆಗೇರಿಸಿ ನಡೆದುಬಿಟ್ಟಳು. ಹಿರಿಯರ ನಡುವೆ ಬೆಳೆದವನು ನಾನು. ಕಂಡದ್ದನ್ನೆಲ್ಲ ಆಡಬಾರದು, ಆಡದೆ ಬಿಟ್ಟದ್ದರ ನೆರಳಿನಲ್ಲೇ ಹತ್ತು ಮಂದಿ ಬಾಳುತ್ತಾರೆ ಅನ್ನೋದನ್ನು ಅವರಿಂದಲೇ ನೋಡಿ ಕಲಿತಿದ್ದೆ. ಆ ನೆರಳನ್ನು ಒಂದು ಬೆರಳಿನಲ್ಲಿ ಕಿತ್ತಿದ್ದೆ.

ಶ್ರಾವಣ ಬಂತು. ಗಾಳಿ ನಿಂತು ಜಿಟಿಜಿಟಿ ಮಳೆ ಹಿಡಿಯಿತು. ಹೆಸರುಕಾಳು ಬೆಳೆದವರು ಕಾಯಿ ಕೊಳೆಯುತ್ತವೆ ಅಂತ ಗೋಳಾಡುತ್ತಿದ್ದರು. ಒಂದು ದಿನ ಹನ್ನೊಂದರ ಹೊತ್ತಿಗೆ ರೇಣುಕಾ ಚೀಲ ಹಿಡಿದು ನನ್ನ ಕೋಣೆಯೊಳಗೇ ಬಂದಳು. ಪಂಚಾಯ್ತಿ ಕಟ್ಟೆಯಿಂದ ಎರಡು ಮೂರು ಕುತ್ತಿಗೆ ಉದ್ದವಾದವು. ಅವಳು ಕೂಡಲಿಲ್ಲ.

"ಪುಸ್ತಕಕ್ಕ ಬಂದಿಲ್ರಿ. ಹಾಲ್ ಟಿಕೆಟ್ ಬಿಟ್ಟಾರಂತ. ಯಲಬುರ್ಗಾಕ್ಕ ನನ್ನ ಬಿಡಂಗಿಲ್ಲ, ಫೋನೂ ಇಲ್ಲ. ನೀವ ತರಬೇಕು. ಅರ್ಜಿ ನಂಬರ್ ಹೇಳ್ತೀನಿ."

ನಾನು ಚೀಟಿ ಎಳೆದುಕೊಂಡೆ.

"ಬರಕೋಬ್ಯಾಡ್ರಿ" ಅಂದಳು. "ಬಾಯಿಪಾಠ ಮಾಡ್ರಿ."

ಹಾಗೇ ಮಾಡಿಸಿದಳು. ನಂಬರು, ಹುಟ್ಟಿದ ತಾರೀಖು, ಮೂರು ಸಲ ಒಪ್ಪಿಸಿದೆ. ಎರಡನೆಯ ಸಲ ಒಂದು ಅಂಕಿ ತಪ್ಪಿದೆ. ಸಾಲಿ ಮಾಸ್ತರ ಹಾಗೆ ಮೊದಲಿಂದ ಹೇಳಿಸಿದಳು. ಹೊರಡುವಾಗ ನಾನು, "ತಪ್ಪಾತವ್ವ ನನ್ನಿಂದ" ಅಂದೆ.

"ನೀವು ತಪ್ಪಾತು ಅಂದ್ರ ಅದನ್ನ ನಾ ಒಯ್ದು ಎಲ್ಲಿಡ್ಲಿರಿ? ನಿಮ್ಮ ಹಂತ್ಯಾಕ ಇರ್ಲಿ" ಅಂದಳು. ದನಿ ಏರಿಸಲಿಲ್ಲ.

ಬಸ್ಸಿನಲ್ಲಿ ಯಲಬುರ್ಗಾ ಮುಟ್ಟುವ ತನಕ ತುಟಿ ಕುಣಿಸುತ್ತ ಕೂತಿದ್ದೆ. ಬಗಲಿನವನು ಜಪ ಅಂತ ತಿಳಿದು ಕಾಲು ಮಡಚಿ ಜಾಗ ಬಿಟ್ಟ. ನೆಟ್ ಸೆಂಟರಿನವನು ಹಾಲ್ ಟಿಕೆಟ್ ತೆಗೆದು, "ನಿಮ್ಮ ನಂಬರ್ ಹೇಳ್ರಿ, ವಾಟ್ಸಾಪಿಗೂ ಒಗೀತೀನಿ" ಅಂದ. "ಬ್ಯಾಡಪ್ಪ, ಕಾಗದ ಅಷ್ಟ ಕೊಡು. ನಿನ್ನ ಕಂಪ್ಯೂಟರಿನಾಗಿದ್ದದ್ದೂ ಅಳಿಸು, ನಾ ನಿಂತು ನೋಡ್ತೀನಿ" ಅಂದೆ. ಹುಚ್ಚನನ್ನು ನೋಡುವ ಹಾಗೆ ನೋಡಿ ಅಳಿಸಿದ.

ಕಾಗದ ಅವಳಿಗೆ ಮುಟ್ಟಿಸುವುದು ಹೇಗೆ? ರೇಷನ್ ಅಂಗಡಿಯ ಪಾಳಿಯಲ್ಲಿ ನೀಲವ್ವ ನಿಂತಿದ್ದಳು. ಹತ್ತಿರ ಹೋದದ್ದೇ ತಡ, ಊರಿಗೆ ಕೇಳುವ ಹಾಗೆ ಶುರು ಮಾಡಿದಳು. "ಮನಿ ಮುರಕ ಮನಿಷ್ಯಾ, ಯಾವ ಮಾರಿ ಇಟ್ಕೊಂಡು ನನ್ನ ಮುಂದ ಬರ್ತೀಯೋ. ನಿನ್ನ ಕೈ ಸೇದಿ ಹೋಗ್ಲಿ." ಬೈಯುತ್ತಲೇ ಚೀಲದ ಬಾಯಿ ಅಗಲ ಮಾಡಿ ನನ್ನ ಕಡೆ ಹಿಡಿದಿದ್ದಳು. ಮಡಚಿದ ಕಾಗದ ಒಳಗೆ ಬಿಟ್ಟೆ. ಬೈಗುಳ ನಿಲ್ಲಲಿಲ್ಲ. ನಾನು ತಿರುವಿನಾಚೆ ಹೋಗುವ ತನಕ ನನ್ನ ಏಳು ತಲೆಮಾರು ಎತ್ತಿ ಆಡಿದಳು. ಪಾಳಿಯವರೆಲ್ಲ ಹಿಗ್ಗಿ ಕೇಳುತ್ತಿದ್ದರು. ಅದರಲ್ಲಿ ಅರ್ಧದಷ್ಟು ಬೈಗುಳ ಖರೇವೇ ಇದ್ದವು, ಅದು ನನಗೆ ಗೊತ್ತು.

ಪರೀಕ್ಷೆಯ ದಿನ ಅತ್ತೆ ಸೊಸೆ ಇಬ್ಬರೂ ಮೊದಲ ಬಸ್ಸಿಗೆ ಕೊಪ್ಪಳಕ್ಕೆ ಹೋದರು, ಹೆಂಗಸರ ದವಾಖಾನೆಗೆ ಅಂತ ಹೇಳಿ. ಹೆಂಗಸರ ಬ್ಯಾನಿಯ ಮಾತು ಬಂದರೆ ಶರಣಪ್ಪನಂಥವರು ಮುಂದೆ ಪ್ರಶ್ನೆ ಕೇಳುವುದಿಲ್ಲ. ರೇಣುಕಾ ಒಳಗೆ ಬರೆಯುವಷ್ಟು ಹೊತ್ತು ನೀಲವ್ವ ಗೇಟಿನ ಹೊರಗೆ ರೊಟ್ಟಿ ಗಂಟು ಮಡಿಲಲ್ಲಿಟ್ಟುಕೊಂಡು ಮಳೆಯಲ್ಲಿ ಕೂತಿದ್ದಳಂತೆ.

ರೇಣುಕಾ ಆ ಸಲ ಪಾಸಾಗಲಿಲ್ಲ. ಕಡಿಮೆ ಬಿದ್ದದ್ದು ಸ್ವಲ್ಪವೇ. ಆ ಒಂದು ತಿಂಗಳು ಪುಸ್ತಕ ಕೈಯಲ್ಲಿದ್ದರೆ ಆಗುತ್ತಿತ್ತು ಅಂತ ನಾನು ಅಂದೂ ನಂಬಿದ್ದೆ, ಇಂದೂ ನಂಬಿದ್ದೇನೆ. ಅಷ್ಟೊತ್ತಿಗೆ ಶರಣಪ್ಪ ತನ್ನದೇ ಒಂದು ಊರ ಗ್ರೂಪು ಮಾಡಿಕೊಂಡಿದ್ದ. ಪರೀಕ್ಷೆ ಬರೆದ ಸಂಗತಿ ಅವನಿಗೆ ಹೇಗೋ ತಿಳಿದಿತ್ತು. ಪಾಸಾದವರ ಪಟ್ಟಿಯನ್ನು ಗ್ರೂಪಿಗೆ ಹಾಕಿ, "ಪೊಲೀಸಮ್ಮನ ಹೆಸರು ಹುಡುಕಿಕೊಟ್ಟವರಿಗೆ ಚಹಾ" ಎಂದು ಕೆಳಗೆ ಬರೆದ. ಸ್ವಂತ ಮನೆಯ ಹೆಣ್ಣುಮಗಳ ಸೋಲಿಗೆ ಊರನ್ನು ಕರೆದು ನಗಿಸಿದ. ಆ ಮನುಷ್ಯನಿಗೆ ನಾನು ಇವತ್ತಿಗೂ ರಾಮ್ ರಾಮ್ ಅನ್ನುವುದಿಲ್ಲ.

ಮರುದಿನ ಮುಂಜಾನೆ ಪಂಚಾಯ್ತಿ ಕಟ್ಟೆ ತುಂಬಿತ್ತು. ಶರಣಪ್ಪನೂ ಇದ್ದ. ರೇಣುಕಾ ಅವರೆಲ್ಲರ ಮುಂದೆ ಹಾದು, ಸೆರಗು ಸರಿಮಾಡಿಕೊಂಡು, ನನ್ನ ಬಾಗಿಲಲ್ಲಿ ನಿಂತಳು. ಕಟ್ಟೆಗೂ ಕೇಳುವಷ್ಟು ಗಟ್ಟಿಯಾಗಿ, "ಮುಂದಿನ ವರ್ಷದ ಕೈಪಿಡಿ ಬಂದದೇನ್ರಿ ಕಾಕಾರ?" ಅಂದಳು.

ಸಹಿಯ ಠರಾವು ಹಲಗೆಯ ಮೇಲೆ ಇನ್ನೂ ಇತ್ತು. ನಾನು ಅದರ ಕಡೆ ನೋಡಲಿಲ್ಲ. ಹರಿದ ರಟ್ಟಿಗೆ ನಾನೇ ಗೋಂದು ಹಚ್ಚಿ ಹೊಲಿದಿದ್ದ ಹಳೆಯ ಪುಸ್ತಕವನ್ನೇ ಮುಂದಿಟ್ಟೆ. ಹೊಸದು ಬಂದಿಲ್ಲ, ಬಂದ ಮೊದಲ ದಿನ ನಿನಗೇ ಅಂದೆ. ಹೊರಗೆ ಒಬ್ಬ ಗಂಟಲು ಕೆರೆದ. ಮತ್ತೊಬ್ಬ ಏನೋ ಅಂದು ನಕ್ಕ. ಅವಳು ಅಲ್ಲೇ ಬೆಂಚಿನ ಮೇಲೆ ಕೂತು, ಕಟ್ಟೆಗೆ ಮುಖ ಮಾಡಿ, ಪುಸ್ತಕ ಬಿಚ್ಚಿ ಓದತೊಡಗಿದಳು. ನಕ್ಕವನ ನಗು ಅರ್ಧಕ್ಕೆ ನಿಂತಿತು. ಶರಣಪ್ಪ ಎದ್ದು ಮನೆ ಕಡೆ ಹೋದ.

ನನಗೆ ಕಣ್ಣು ತುಂಬಿ ಬಂದಿತ್ತು. ಅದನ್ನು ಅವಳು ನೋಡಿದಳು, ಅವಳಿಗೆ ಅದು ಹಿಡಿಸಲಿಲ್ಲ.

"ಕಾಕಾರ, ಒಂದು ಮಾತು" ಅಂದಳು, ಪುಸ್ತಕದಿಂದ ತಲೆ ಎತ್ತದೆ. "ನೀವು ಫೋಟೋ ಹಾಕಿದ್ದಕ್ಕ ನಾ ಧೈರ್ಯಕ್ಕ ಬಂದೆ ಅಂತ ಮುಂದ ಎಲ್ಲ್ಯಾರ ಹೇಳೀರಿ. ಹೇಳಬ್ಯಾಡ್ರಿ. ನನಗ ಜ್ವಾಳದ ಹರವಿ ಸಾಕಿತ್ತು."

ಈ ಬರಹಕ್ಕೆ ಕೂಡುವ ಮುಂಚೆ ಅವಳನ್ನು ಹುಡುಕಿಕೊಂಡು ಹೋಗಿ ಕೇಳಿದೆ. ಇಷ್ಟರ ತನಕ ಬರೆಯಲು ಒಪ್ಪಿದಳು. ಮುಂದಿನ ವರ್ಷ ಏನಾಯಿತು, ಅದರ ಮುಂದಿನ ವರ್ಷ ಏನಾಯಿತು, ಈಗ ಅವಳು ಯಾವ ಊರಲ್ಲಿ ಯಾವ ಉಡುಪಿನಲ್ಲಿ ಇದ್ದಾಳೆ ಅನ್ನೋದೆಲ್ಲ ನನಗೆ ಗೊತ್ತಿದೆ. ಅದನ್ನು ಓದುಗರಿಗೂ ಹೇಳುವುದಿಲ್ಲ, ಫೋಟೋ ಕೇಳಿದ ಆ ಅಧಿಕಾರಿಗೂ ಹೇಳುವುದಿಲ್ಲ.